ಪ್ಲಾಸ್ಟಿಕ್ ಮಾವನ ಅಂಕಪಟ್ಟಿ

ಬಡಾವಣೆಗೆಲ್ಲ ಅವರು ಪ್ಲಾಸ್ಟಿಕ್ ಮಾವ. ಹೆಸರು ಸುಮ್ಮನೆ ಬಂದದ್ದಲ್ಲ. ಬಸ್ ನಿಲ್ದಾಣದ ಪಕ್ಕದ ಅವರ ಜೆರಾಕ್ಸ್ ಅಂಗಡಿಗೆ ಬಂದ ಯಾವ ಕಾಗದವೂ ಬರಿಮೈಯಲ್ಲಿ ವಾಪಸ್ ಹೋದದ್ದಿಲ್ಲ. ಗ್ಯಾಸ್ ರಸೀದಿ, ಹಾಲಿನವನ ಫೋನ್ ನಂಬರು, ಕೊನೆಗೆ ಬಾಗಿಲಿಗೆ ತೂಗುಹಾಕುವ ‘ಊಟಕ್ಕೆ ಹೋಗಿದ್ದೇನೆ’ ಎಂಬ ಚೀಟಿ ಕೂಡ ಲ್ಯಾಮಿನೇಷನ್ ಮೆಷಿನ್ನಿನಲ್ಲಿ ಹೊಕ್ಕು ಹೊಳೆಯುತ್ತಾ ಬರಬೇಕು.

“ಸುಮ್ನೆ ಕೂತಿದ್ರೆ ನನ್ನನ್ನೂ ಅದರೊಳಗೆ ತೂರಿಸ್ತಾರೆ,” ಎಂದು ಅವರ ಹೆಂಡತಿ ನೆಂಟರ ಮುಂದೆ ನಗುತ್ತಿದ್ದರು.

ಇಂಥ ಮನುಷ್ಯ ಒಬ್ಬಳೇ ಮಗಳ ಡಿಪ್ಲೊಮಾವನ್ನು ಬಿಡುತ್ತಾರೆಯೇ? ಕಣ್ಣು ಪರೀಕ್ಷೆ ಮಾಡುವ ವಿದ್ಯೆ ಕಲಿತು ಅವಳು ಪಾಸಾದ ದಿನವೇ ಅದಕ್ಕೂ ಪ್ಲಾಸ್ಟಿಕ್ ತೊಡಿಸಿದ್ದರು. ಆಮೇಲೆ ಅವಳು ಗಂಡನ ಜೊತೆ ಪರದೇಶಕ್ಕೆ ಹೋದಳು. ಅಲ್ಲಿ ಕನ್ನಡಕದ ಅಂಗಡಿಯೊಂದು ಕೆಲಸ ಕೊಡಲು ಒಪ್ಪಿತು. ಆದರೆ ಕೆಲಸದ ವೀಸಾ ಬೇಕಾದರೆ ಡಿಪ್ಲೊಮಾ ಅಸಲಿ ಎಂದು ಇಲ್ಲಿನ ಶಿಕ್ಷಣ ಇಲಾಖೆ, ವಿದೇಶಾಂಗ ಇಲಾಖೆ, ಆ ದೇಶದ ರಾಯಭಾರ ಕಚೇರಿ ಮೂರೂ ಅದರ ಬೆನ್ನಿಗೆ ಸೀಲು ಹೊಡೆಯಬೇಕು.

“ನನ್ನ ಪರವಾಗಿ ನೀನೇ ಓಡಾಡಬೇಕಪ್ಪ,” ಎಂದು ಅವಳು ಅಧಿಕಾರ ಪತ್ರ ಕಳಿಸಿದಳು. “ತಿಂಗಳ ಕೊನೆಗೆ ಬರದಿದ್ರೆ ಬೇರೆಯವರನ್ನ ತಗೋತಾರಂತೆ.”

ಮೊದಲ ಕಚೇರಿಯ ಗುಮಾಸ್ತೆ ಡಿಪ್ಲೊಮಾವನ್ನು ಉಗುರಿನಿಂದ ಟಕಟಕ ಬಡಿದಳು. “ಇದರ ಮೇಲೆ ಸೀಲು ಕೂರಲ್ಲ ಯಜಮಾನ್ರೇ, ಕಾಗದದ ಮೇಲೇ ಬೀಳ್ಬೇಕು. ಯಾವ ಪುಣ್ಯಾತ್ಮ ಇದನ್ನ ಲ್ಯಾಮಿನೇಟ್ ಮಾಡಿದ್ದು?”

ಪುಣ್ಯಾತ್ಮರು ಕೆಮ್ಮಿದರು.

ಕಾಲೇಜಿನಲ್ಲಿ ಇನ್ನೊಂದು ಅಸಲಿ ಪ್ರತಿ ಕೇಳಿದರೆ ಮೂರು ತಿಂಗಳು ಬೇಕು ಎಂದರು. ಮನೆಗೆ ಬಂದು ವಿಷಯ ಹೇಳಿದಾಗ ಹೆಂಡತಿ, “ಮಾಡಿದ್ದುಣ್ಣೋ ಮಹರಾಯ,” ಎಂದರು. ಆಮೇಲೆ ಗಂಡನ ಮುಖ ನೋಡಿ ಪಾಪ ಎನ್ನಿಸಿ, ಕೇಳದಿದ್ದರೂ ಚಹಾ ಮಾಡಿಕೊಟ್ಟರು.

ಪ್ಲಾಸ್ಟಿಕ್ ಬಿಡಿಸುವುದೊಂದೇ ದಾರಿ. ಹೊದಿಸಿದ್ದು ಎಷ್ಟೋ, ಬಿಡಿಸಿದ್ದು ಮಾತ್ರ ಒಂದೂ ಇಲ್ಲ. ಪ್ರಯೋಗಕ್ಕೆಂದು ಹೊಸದಾಗಿ ಹೊದಿಸಿದ್ದು ಸಲೀಸಾಗಿ ಬಂತು, ಆದರೆ ಹಳೆಯದರ ಹಟವೇ ಬೇರೆ. ಕೈ ಪಳಗಿಸಲು ಅಷ್ಟೇ ಹಳೆಯ ಕಾಗದ ಬೇಕು, ಊರವರದನ್ನು ಕೇಳುವಂತಿಲ್ಲ. ಮನೆಯ ರಸೀದಿ, ಚೀಟಿಗಳೆಲ್ಲ ಈಚಿನವು; ಅಷ್ಟು ಹಳೆಯದು ಇದ್ದದ್ದು ಒಂದೇ: ಪ್ಲಾಸ್ಟಿಕ್ ಮಾವನದೇ ಹತ್ತನೇ ತರಗತಿಯ ಅಂಕಪಟ್ಟಿ. ಮೂರನೇ ಸಲಕ್ಕೆ ಪಾಸಾದವರಿಗೆ ಅದರ ಬೆಲೆ ಗೊತ್ತಿರುತ್ತದೆ. ಮೆಷಿನ್ ಕೊಂಡ ದಿನ ಮೊದಲು ಅದರೊಳಗೆ ಹೋದದ್ದೂ ಅದೇ.

“ಬೇಡ ರೀ. ನಿಮ್ಮ ಹತ್ರ ಇರೋದು ಅದೊಂದೇ.”

“ನಾನಿನ್ನು ಯಾವ ಕೆಲಸಕ್ಕೆ ಅರ್ಜಿ ಹಾಕಬೇಕಾಗಿದೆ?” ಎಂದು ಮಾವ ಇಸ್ತ್ರಿಪೆಟ್ಟಿಗೆ ಕಾಯಿಸಿದರು.

ಪ್ಲಾಸ್ಟಿಕ್ ಜಪ್ಪಯ್ಯ ಅಂದರೂ ಬಿಡಲಿಲ್ಲ. ಜಗ್ಗಿದಾಗ ಅವರ ಹೆಸರು, ಅಪ್ಪನ ಹೆಸರು, ಹುಟ್ಟಿದ ತಾರೀಖು ಎಲ್ಲವೂ ಕಾಗದದ ಸಿಪ್ಪೆಯೊಂದಿಗೆ ಕಿತ್ತುಬಂದವು. ಆದರೂ ಮಾವ ನಿಲ್ಲಿಸಲಿಲ್ಲ. ಅರ್ಧಕ್ಕೆ ಬರುವಷ್ಟರಲ್ಲಿ ಕೈಗೆ ಗುಟ್ಟು ಹತ್ತಿತ್ತು: ಮೇಲಕ್ಕೆ ಎಳೆಯಬಾರದು, ಬಿಸಿ ಆರುವ ಮೊದಲೇ ಹಿಂದಕ್ಕೆ ಮಡಚಿಕೊಂಡು ಹೋಗಬೇಕು. ಕೆಳಗಿನ ಅರ್ಧ ಇಡಿಯಾಗಿ ಬಂತು. ಗಣಿತದ ಮೂವತ್ತೈದಕ್ಕೆ ಒಂದು ಗೀರೂ ಬೀಳಲಿಲ್ಲ.

ಮಗಳ ಡಿಪ್ಲೊಮಾ ಬಿಡಿಸುವಾಗ ಹೆಂಡತಿ ಎರಡೂ ಮೂಲೆ ಒತ್ತಿ ಹಿಡಿದಿದ್ದರು. ಅದು ಪೂರ್ತಿ ಬಂತು. ಮೂರು ಕಚೇರಿಗಳಲ್ಲೂ ಸೀಲು ಠಪ್ಪೆಂದು ಬಿತ್ತು, ತಿಂಗಳು ಮುಗಿಯುವ ಮೊದಲೇ ಡಿಪ್ಲೊಮಾ ಮಗಳ ಕೈ ಸೇರಿತು. ಆಮೇಲೆ ಯಾರಾದರೂ ಸರ್ಟಿಫಿಕೇಟ್ ತಂದರೆ ಮಾವ, “ಇದನ್ನ ಕವರಲ್ಲಿಟ್ಕೊಳಮ್ಮ, ಸಾಕು,” ಎಂದು ವಾಪಸ್ ಕೊಡತೊಡಗಿದರು.

ಕೆಲಸಕ್ಕೆ ಸೇರಿ ಕೆಲವು ತಿಂಗಳಾದ ಮೇಲೆ ಮಗಳು ಫೋನ್ ಮಾಡಿದಳು. “ಅಪ್ಪ, ನಿಮ್ಮಿಬ್ಬರನ್ನೂ ಇಲ್ಲಿಗೆ ಕರೆಸ್ಕೋತಿದ್ದೀನಿ. ಅಮ್ಮಂದೆಲ್ಲ ಸರಿಯಾಗಿದೆ. ನಿನ್ನ ಹುಟ್ಟಿದ ತಾರೀಖಿಗೆ ಹತ್ತನೇ ಕ್ಲಾಸಿನ ಅಂಕಪಟ್ಟಿ ಬೇಕು. ನೀನು ಲ್ಯಾಮಿನೇಟ್ ಮಾಡಿಟ್ಟಿದ್ದಲ್ವಾ, ಭದ್ರವಾಗಿರುತ್ತೆ ಬಿಡು.”

ಮಾವ ಹೆಂಡತಿಯ ಮುಖ ನೋಡಿದರು. “ಇದೆಯಮ್ಮ… ಪಾಸಾಗಿರೋದು ಇದೆ. ಹುಟ್ಟಿರೋದೇ ಇಲ್ಲ.”

ಹೆಂಡತಿ ಫೋನ್ ಕಿತ್ತುಕೊಂಡು ಇದ್ದದ್ದನ್ನೆಲ್ಲ ಹೇಳಿಬಿಟ್ಟರು. ಆ ಕಡೆಯಿಂದ ಮೂಗು ಸೀಟಿದ ಸದ್ದು ಬಂತು.

“ಇನ್ನೊಂದು ಪ್ರತಿಗೆ ಅರ್ಜಿ ಹಾಕಪ್ಪ.”

“ಅದಕ್ಕೂ ತಿಂಗಳುಗಟ್ಟಲೆ ಆಗುತ್ತೆ ಕಣಮ್ಮ.”

“ಆಗ್ಲಿ. ನಿನಗೋಸ್ಕರ ಎಷ್ಟು ದಿನ ಬೇಕಾದ್ರೂ ಕಾಯ್ತೀನಿ.”