ಕಲಸಿಹೋದ ಎಂಟು ಸ್ಟೇಷನ್‌ಗಳು

ಹೋದ ತಿಂಗಳು ಒಂದು ಬೆಳಿಗ್ಗೆ ಬಾಲ್ಕನಿಯಲ್ಲಿ ನಿಂತಿದ್ದ ನನ್ನ ಮಗಳು ಕೇತಕಿ ಹೇಗೆ ಚೀರಿದಳೆಂದರೆ, ನನ್ನ ಕೈಯಲ್ಲಿದ್ದ ಒಗ್ಗರಣೆ ಸೌಟು ನೆಲಕ್ಕೆ ಬಿತ್ತು. ಯಾರೋ ಹೋಗಿಬಿಟ್ಟರು ಅಂತಲೇ ತಿಳಿದೆ. (ನಮ್ಮ ಡೊಂಬಿವಲಿಯಲ್ಲಿ ಅಷ್ಟು ಬೆಳಿಗ್ಗೆ ಬರುವ ಸುದ್ದಿ ಎರಡೇ: ಊರಲ್ಲಿ ಸಾವು, ಇಲ್ಲವೇ ಲೋಕಲ್ ಟ್ರೇನ್ ಬಂದ್.)

"ಯಾರು ಹೋದ್ರು?" ಅಂದೆ.

"ಮುಂಬ್ರಾ ಗಯಾ, ಅಮ್ಮಾ. ದಿವಾ ಭೀ ಗಯಾ. ಸಬ್ ಗಯಾ!"

ಮೊಬೈಲ್ ನನ್ನ ಮುಖಕ್ಕೆ ಹಿಡಿದಳು. ಯಾರದೋ ಅಂಗೈ ಮೇಲೆ ಮುದ್ದೆಯಾದ ಒದ್ದೆ ಕಾಗದ. ಅದರಿಂದ ನೀಲಿ ನೀರು ತೊಟ್ಟಿಕ್ಕುತ್ತಿತ್ತು.

ವಿಷಯ ಹೇಳಿಬಿಡುತ್ತೇನೆ. ಕೇತಕಿ ಐರೋಲಿಯ ಒಂದು ಆಫೀಸಿಗೆ ಹೋಗುತ್ತಾಳೆ. ಭಾನುವಾರ ಬಂತೆಂದರೆ ಮಾತ್ರ ಕುಂಚ ಹಿಡಿದು ಕೂರುತ್ತಾಳೆ. ಠಾಣೆಯಿಂದ ಕಳವಾ, ಮುಂಬ್ರಾ, ದಿವಾ ದಾಟಿ ಕಲ್ಯಾಣದವರೆಗಿನ ಎಂಟು ಲೋಕಲ್ ಸ್ಟೇಷನ್‌ಗಳು, ಒಂದೊಂದಕ್ಕೂ ಒಂದು ಕಾರ್ಡ್. ಪ್ರಿಂಟ್ ಅಲ್ಲ, ವಾಟರ್‌ಕಲರಿನಲ್ಲಿ ಕೈಯಾರೆ ಬರೆದದ್ದು. ಇಂಥ ಕಾರ್ಡ್ ಯಾರು ಕೊಳ್ಳುತ್ತಾರೆ ಎಂದು ನಾನು ನಕ್ಕಿದ್ದೆ. ಆನ್‌ಲೈನಿನಲ್ಲಿ ಕೊಳ್ಳುವವರಿದ್ದಾರೆ! ಕೂಡಿಡುತ್ತಾರೆ, ತಮ್ಮತಮ್ಮಲ್ಲೇ ಬದಲಾಯಿಸಿಕೊಳ್ಳುತ್ತಾರೆ. ಎರಡು ಠಾಕುರ್ಲಿ ಕೊಟ್ಟು ಒಂದು ದಿವಾ ಪಡೆದವರೂ ಇದ್ದಾರಂತೆ. (ಕೋಪರ್ ಮಾತ್ರ ಯಾರಿಗೂ ಬೇಡ. ಪಾಪ.)

ಈ ಮಳೆಗಾಲದಲ್ಲಿ ಅವಳು ಕಳಿಸಿದ ಪಾರ್ಸಲ್‌ಗಳೆಲ್ಲ ಭಿವಂಡಿಯ ಯಾವುದೋ ಗೋಡೌನಿನಲ್ಲಿ ನೀರಿಗೆ ಸಿಕ್ಕಿದ್ದವು. ಕೊರಿಯರಿನವರನ್ನು ಕೇಳಿದರೆ, "ಮೇಡಂ, ಬಾರಿಶ್ ಹೈ," ಅಂದರು. ಮಳೆ ಎಂಬುದು ಈ ವರ್ಷವೇ ಹೊಸದಾಗಿ ಶುರುವಾಯಿತೇ?

ಮಧ್ಯಾಹ್ನದ ಹೊತ್ತಿಗೆ ಫೋಟೊಗಳು ಸಾಲಾಗಿ ಬಂದವು. ಜೊತೆಗೆ ಬೈಗುಳ. ಒಬ್ಬ ಪಾರ್ಸಲ್ ಬಿಚ್ಚುವುದನ್ನೇ ವಿಡಿಯೋ ಮಾಡಿ, ಹಿಂದೆ ಅಳುವ ಮ್ಯೂಸಿಕ್ ಹಾಕಿ, ನಾಲ್ಕು ಜನರಿಗೆ ಹಂಚಿದ್ದ. ರೇಟಿಂಗಿನಲ್ಲಿ ಎಲ್ಲರದೂ ಒಂದೇ ಸ್ಟಾರ್. ಒಂದು ಗೆರೆ ಸೊಟ್ಟಗಾದರೆ ಇಡೀ ಹಾಳೆ ಹರಿದು ಹಾಕುವ ಹುಡುಗಿ ನನ್ನ ಮಗಳು. ಊಟ ಬಿಟ್ಟಳು. ಬಣ್ಣದ ಡಬ್ಬಿಯನ್ನು ಅಟ್ಟಕ್ಕೆ ಏರಿಸಿ, "ಬಸ್, ಆತು. ಇನ್ ಮ್ಯಾಲ ಬರಿಯೂದಿಲ್ಲ," ಅಂದಳು. ಸದಾ ಹಿಂದಿಯಲ್ಲೋ ಮರಾಠಿಯಲ್ಲೋ ಉತ್ತರ ಕೊಡುವವಳು ಕನ್ನಡದಲ್ಲಿ ಹೇಳಿದಳೆಂದರೆ ಗಾಯ ಆಳವಾಗಿದೆ ಎಂದೇ ಅರ್ಥ.

ಆದರೆ ಒಂದೇ ಒಂದು ಕಡೆಯಿಂದ ಐದು ಸ್ಟಾರ್ ಬಂದಿತ್ತು. ಕಲ್ಯಾಣದ ಯಾರೋ ಸುಶೀಲಾ ರಾವ್. "ವೆರಿ ನೈಸ್" ಎಂದಷ್ಟೇ ಬರೆದಿದ್ದರು.

"ಒಂದಾದ್ರೂ ಸರಿಯಾಗಿ ಮುಟ್ಟೇತಲ್ಲ," ಅಂದೆ. ಅವಳ ಕಣ್ಣಲ್ಲಿ ಸ್ವಲ್ಪ ಜೀವ ಬಂತು.

ಅಟ್ಟದಿಂದ ಡಬ್ಬಿ ಇಳಿಯಿತು. ಹಾಳಾದ ಸೆಟ್‌ಗಳನ್ನೆಲ್ಲ ಮತ್ತೆ ಬರೆದಳು, ಇರಲಿ ಎಂದು ಒಂದು ಹೆಚ್ಚಿಗೆ. ಈ ಸಲ ಕೊರಿಯರ್ ಬೇಡ, ನಾವೇ ಮುಟ್ಟಿಸೋಣ ಎಂದು ತಾಯಿ ಮಗಳು ರಜೆಯ ದಿನ ಹೊರಟೆವು. ಕಾರ್ಡುಗಳು ಸ್ಟೀಲ್ ಡಬ್ಬಿಯೊಳಗೆ, ಡಬ್ಬಿ ಪ್ಲಾಸ್ಟಿಕ್ಕಿನೊಳಗೆ, ಪ್ಲಾಸ್ಟಿಕ್ ನನ್ನ ಸೆರಗಿನೊಳಗೆ.

ವಾಶಿಯಲ್ಲಿ ಅದೇ ವಿಡಿಯೋ ಹುಡುಗ ಬಾಗಿಲು ತೆರೆದ. ಒಳಗೆ ಬನ್ನಿ ಅನ್ನಲಿಲ್ಲ. ಮೊಬೈಲ್ ಟಾರ್ಚ್ ಹಾಕಿ ಒಂದೊಂದೇ ಕಾರ್ಡನ್ನು ಓರೆಯಾಗಿ ಹಿಡಿದು ಎಲ್ಲಾದರೂ ಕಲೆ ಇದೆಯೇ ಎಂದು ಹುಡುಕಿದ. ಸಿಗಲಿಲ್ಲ. "ಠೀಕ್ ಹೈ," ಎಂದು ಬಾಗಿಲು ಹಾಕಿಕೊಂಡ. ಚಿತ್ರದಲ್ಲಿ ಏನಿತ್ತು ಎಂದು ಅವನಿಗೆ ಈಗಲೂ ಗೊತ್ತಿರಲಿಕ್ಕಿಲ್ಲ. ಉಳಿದ ಮನೆಗಳಲ್ಲೂ ಇದೇ ತಪಾಸಣೆ.

ಕೊನೆಗೆ ಕಲ್ಯಾಣ. ಸುಶೀಲಾ ರಾವ್ ಅವರಿಗೆ ಥ್ಯಾಂಕ್ಸ್ ಹೇಳುವುದು, ಆ ಪಾರಾದ ಸೆಟ್‌ನ ಒಂದು ಫೋಟೊ ತೆಗೆದುಕೊಳ್ಳುವುದು, ಇಷ್ಟೇ ಉದ್ದೇಶ. ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿ. ಬಾಗಿಲು ತೆರೆದದ್ದು ದಪ್ಪ ಕನ್ನಡಕದ, ನಗುಮುಖದ ಹೆಂಗಸು. ನಮ್ಮಿಬ್ಬರ ಕನ್ನಡ ಕೇಳಿದ್ದೇ ತಡ, "ಅಯ್ಯೋ, ನಮ್ಮವರೇ! ಬನ್ನಿ ಬನ್ನಿ," ಎಂದು ಕೈಹಿಡಿದು ಎಳೆದುಕೊಂಡರು. ಕುಂದಾಪುರದ ಕಡೆಯವರು. ಠಾಣೆಯ ಆಫೀಸೊಂದರಲ್ಲಿ ದುಡಿದು ನಿವೃತ್ತರಾದವರು.

"ಇವಳೇನಾ ಬಿಡಿಸಿದ್ದು? ಇಷ್ಟು ಸಣ್ಣ ಹುಡುಗಿಯಾ! ನೋಡು, ಎಲ್ಲಿ ಹಾಕಿದ್ದೇನೆ ಅಂತ."

ಟಿವಿಯ ಮೇಲುಗಡೆ ಗೋಡೆಯಲ್ಲಿ ಗಾಜಿನ ಫ್ರೇಮ್. ಅದರೊಳಗೆ ಎಂಟು ಕಾರ್ಡುಗಳು.



ಬಂದ ಫೋಟೊಗಳಲ್ಲೆಲ್ಲ ಇಷ್ಟು ಕೆಟ್ಟದ್ದು ಒಂದೂ ಇರಲಿಲ್ಲ. ಠಾಣೆಯ ನೀಲಿ ಕಳವಾ ಸ್ಟೇಷನ್ನಿನ ಕಾರ್ಡಿಗೆ ಇಳಿದಿತ್ತು. ಮುಂಬ್ರಾದ ಗುಡ್ಡ ಕರಗಿ ಹಳಿಗಳ ಮೇಲೆ ಹರಿದಿತ್ತು. ನಮ್ಮ ಡೊಂಬಿವಲಿಯ ಜನರೆಲ್ಲ ಸೇರಿ ಒಂದು ಕಂದು ಮೋಡ. ಕೋಪರ್ ಇತ್ತು ಎನ್ನುವುದಕ್ಕೆ ಸಾಕ್ಷಿಯೇ ಇರಲಿಲ್ಲ. ಕೇತಕಿಯ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಸುಶೀಲಕ್ಕ ಮಾತ್ರ ಫ್ರೇಮಿನ ಹತ್ತಿರ ಹೋಗಿ ನಿಂತಿದ್ದರು.

"ಜಾಗ ಸಿಗ್ತದಾ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ? ನಾನು ಬಾಗಿಲಲ್ಲೇ ನೇತಾಡಿಕೊಂಡು ಹೋದವಳು. ಮಳೆ ಸೀದಾ ಮುಖಕ್ಕೆ ಹೊಡೀತದೆ. ಕನ್ನಡಕ ಒರೆಸಲಿಕ್ಕೆ ಕೈ ಬಿಟ್ರೆ ಜೀವ ಹೋಗ್ತದೆ. ನನಗೆ ದಿವಾ ಕಂಡದ್ದೇ ಹೀಗೆ, ಮಾರಾಯ್ತಿ. ಮುಂಬ್ರಾ ಕಂಡದ್ದೇ ಹೀಗೆ. ನಿನಗೆ ಹೇಗೆ ಗೊತ್ತಾಯ್ತು?"

ನಾನಾಗಿದ್ದರೆ ಸುಮ್ಮನಿರುತ್ತಿದ್ದೆ. ನೀವೂ ಸುಮ್ಮನಿರುತ್ತಿದ್ದಿರಿ, ಅಲ್ಲವೇ? ಐದು ಸ್ಟಾರ್ ಕೊಟ್ಟವರ ಸಂತೋಷ ಯಾಕೆ ಕೆಡಿಸಬೇಕು? ಆದರೆ ಕೇತಕಿ ಬಾಯಿಬಿಟ್ಟಳು.

"ಆಂಟಿ, ನಾನು ಹಿಂಗ ಬರದಿರಲಿಲ್ಲ. ಪಾರ್ಸಲ್ ಭೀಗ್ ಗಯಾ ಥಾ. ಬಣ್ಣ ಎಲ್ಲಾ ನೀರಿನ್ಯಾಗ ಹರದ್ ಹೋಗ್ಯಾವ."

ಹೇಳಿದವಳೇ ಡಬ್ಬಿ ತೆರೆದು, ಉಳಿದಿದ್ದ ಹೊಸ ಸೆಟ್ ತೆಗೆದು ಮೇಜಿನ ಮೇಲೆ ಹರಡಿದಳು. ಒಂದೂ ಗೆರೆ ತಪ್ಪಿಲ್ಲದ ಎಂಟು ಸ್ಟೇಷನ್‌ಗಳು.

ಸುಶೀಲಕ್ಕನ ನಗು ನಿಂತಿತು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮೇಜು ನೋಡಿದರು, ಗೋಡೆ ನೋಡಿದರು. ಸುಮ್ಮನಿದ್ದಿದ್ದರೆ ಇವಳ ಗಂಟೇನು ಹೋಗುತ್ತಿತ್ತು ಎಂದು ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ.

"ಇದೂ ಚಂದ ಉಂಟು," ಅಂದರು ಕೊನೆಗೆ. "ಕ್ಯಾಲೆಂಡರಿಗೆ ಆಗ್ತದೆ."

ಹೊಸ ಕಾರ್ಡುಗಳನ್ನು ಜೋಡಿಸಿ ಡಬ್ಬಿಗೆ ಹಾಕಿ ವಾಪಸ್ ಕೊಟ್ಟರು. ಆಮೇಲೆ ಕುರ್ಚಿ ಹತ್ತಿ ಫ್ರೇಮನ್ನೇ ಕೆಳಗಿಳಿಸಿದರು.

"ಮೂಲೆಯಲ್ಲಿ ನಿನ್ನ ಸಹಿ ಇತ್ತೋ ಏನೋ, ಈಗ ಕಾಣುವುದಿಲ್ಲ. ಹಾಕಿಕೊಡು ಮಗಾ."

ಕೇತಕಿ ಬೆಚ್ಚಿಬಿದ್ದಳು. "ಪರ್ ಯೇ ಮೈನೇ ನಹೀಂ ಬನಾಯಾ!"

"ಮತ್ತೆ ಯಾರು, ಆ ಕೊರಿಯರಿನವನಾ?"

ನನ್ನ ಮಗಳನ್ನು ನಾನು ಬಲ್ಲೆ. ಸತ್ತರೂ ಇದಕ್ಕೆ ಸಹಿ ಹಾಕುವವಳಲ್ಲ ಎಂದುಕೊಂಡೆ. ಅವಳು ಗಾಜು ಬಿಚ್ಚಿದಳು. ಕಾರ್ಡುಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು, ಬಹಳ ಹೊತ್ತು ನೋಡಿದಳು. ಪೆನ್ ತೆಗೆದಳು. ಎಂಟಕ್ಕೂ ಸಹಿ ಹಾಕಿದಳು. ಕೋಪರಿಗೂ.

ವಾಪಸು ಬರುವಾಗ ಟ್ರೇನಿನಲ್ಲಿ ತಡೆಯಲಾಗದೆ ಕೇಳಿದೆ, "ಯಾಕ ಹಾಕಿದಿ?"

"ಅಮ್ಮಾ, ಬಾಕಿ ಎಲ್ಲಾರೂ ಚೆಕ್ ಮಾಡಿದ್ರು," ಅಂದಳು. "ನೋಡಿದವರು ಅವರೊಬ್ಬರೇ."

ನಾನು ಬೇರೆಯವರ ಬಗ್ಗೆ ಯಾಕೆ ಮಾತಾಡಲಿ? ನಿಮ್ಮನ್ನೇ ಕೇಳುತ್ತೇನೆ: ಪಾರ್ಸಲ್ ಬಿಚ್ಚಿದ ಕೂಡಲೇ ನೀವು ಹುಡುಕುವುದು ಯಾವ ಕಲೆಯನ್ನು?