ಎಳೆದ ತಾಟು

ಏಡಿಯ ಕಾಲು ಮುರಿಯುವುದನ್ನು ನಾನು ಕಲಿತದ್ದು ಐವತ್ತು ದಾಟಿದ ಮೇಲೆ, ಅದೂ ಮಗಳ ಮದುವೆ ನನ್ನಿಂದಾಗಿ ಮುರಿದುಬಿದ್ದೀತೆಂಬ ಹೆದರಿಕೆಯಿಂದ. ನಮ್ಮದು ನರಗುಂದ. ಮನೆಯವರಿಗೆ ಪೇಟೆಯಲ್ಲಿ ಕಾಳುಕಡಿಯ ಅಂಗಡಿ, ಶಿರೋಳದ ಕಡೆ ಕಾಲುವೆ ನೀರು ಹಾಯುವ ಹೊಲ. ಕುರಿ, ಕೋಳಿ ನಮಗೆ ಹೊಸದಲ್ಲ. ಆದರೆ ಸಮುದ್ರದ್ದು ಎಂದು ನನ್ನ ಅಡುಗೆಮನೆಗೆ ಅಲ್ಲಿಯವರೆಗೆ ಬಂದದ್ದು ಉಪ್ಪು ಒಂದೇ.

ಮಗಳು ರೋಣದ ಸಾಲೆಯೊಂದರಲ್ಲಿ ಶಿಕ್ಷಕಿ. ಗಜೇಂದ್ರಗಡದಲ್ಲಿ ಬ್ಯಾಂಕ್ ಕೆಲಸಕ್ಕಿದ್ದ ಕುಮಟಾ ಕಡೆಯ ಹುಡುಗನನ್ನು ಮೆಚ್ಚಿಕೊಂಡಳು. ಹುಡುಗ ಸಂಭಾವಿತ, ನಮ್ಮ ಮನೆಯವರು ಎರಡು ಮಾತಾಡದೆ ಒಪ್ಪಿದರು. ಉಳಿದದ್ದು ಅವನ ತಾಯಿ. ತಂದೆ ಇಲ್ಲದ ಹುಡುಗ, ತಾಯಿ ಹೇಳಿದ್ದೇ ಕೊನೆಯ ಮಾತು. ಆಕೆ ಊರಿನಿಂದ ಮಗನ ಬಾಡಿಗೆ ಮನೆಗೆ ಬರುತ್ತೇನೆ, ಹುಡುಗಿಯ ಮನೆಯವರು ಅಲ್ಲಿಗೆ ಬಂದು ನನ್ನ ಕೈಯಡುಗೆ ಉಣ್ಣಲಿ, ಆಮೇಲೆ ಮಾತಾಡೋಣ ಎಂದು ಹೇಳಿ ಕಳಿಸಿದರು. ಏನು ಅಡುಗೆಯಂತೆ ಎಂದು ಮಗಳನ್ನು ಕೇಳಿದೆ. ಏಡಿ, ಸೀಗಡಿ, ಬೆಳಚು ಎಂದಳು. ಬೆಳಚು ಅಂದರೇನೆಂದು ಕೇಳಿದ್ದಕ್ಕೆ ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ಬಾಯಿ ತೆರೆದ ಚಿಪ್ಪು, ಒಳಗೆ ಹಳದಿಯ ಮೆತ್ತನೆಯ ತುಣುಕು. ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತುಹೋಯಿತು.

ನಮ್ಮ ಕಡೆ ಹೆಣ್ಣು ನೋಡುವವರು ಹೆಣ್ಣನ್ನಷ್ಟೇ ನೋಡುವುದಿಲ್ಲ, ಹೆಣ್ಣಿನ ತಾಯಿ ತಾಟಿನಲ್ಲಿ ಏನು ಬಿಟ್ಟಳೆಂಬುದನ್ನೂ ನೋಡುತ್ತಾರೆ. ನೀಡಿದ್ದನ್ನು ಬಿಟ್ಟೆದ್ದರೆ ಮನೆಯನ್ನೇ ಬೇಡವೆಂದ ಹಾಗೆ. ಕರಾವಳಿಯವರೂ ಹಾಗೆಯೇ ಇರಬೇಕೆಂದು ನಾನು ಎಣಿಸಿದೆ. ಮಗಳು ನಕ್ಕಳು. ನಗುವುದಕ್ಕೇನು, ಅವಳು ಆ ಹುಡುಗನ ಜೊತೆ ಹುಬ್ಬಳ್ಳಿಯ ಹೋಟೆಲಿನಲ್ಲಿ ಕುಳಿತು ಎಲ್ಲ ಕಲಿತು ಬಂದವಳು. ನನಗೂ ಕಲಿಸು ಎಂದು ಹಟ ಹಿಡಿದೆ.

ಹಾಗಾಗಿ ಒಂದು ರವಿವಾರ ಮನೆಯವರು ಹೊಲದ ಕಾಲುವೆಯಿಂದ ಏಡಿ ಹಿಡಿದು, ಬಕೆಟ್ಟಿನ ಮೇಲೆ ಹಸಿ ಗೋಣಿಚೀಲ ಹೊದಿಸಿ ತಂದರು. ಒಂದು ತಪ್ಪಿಸಿಕೊಂಡು ಜೋಳದ ಡಬ್ಬಿಯ ಹಿಂದೆ ಸೇರಿಕೊಂಡಿತು. ಅದು ಕರಕರ ಕೆರೆಯುವ ಸದ್ದು ಕೇಳುತ್ತ ನಾನು ಕಟ್ಟೆಯ ಮೇಲೆ ಹತ್ತಿ ಕುಳಿತೆ. ಮನೆಯವರು ಅದನ್ನು ಕಸಬರಿಗೆಯಿಂದ ಹೊರಗೆಳೆದು, ಇದಕ್ಕ ನಿನಗಿಂತ ಧೈರ್ಯ ಭಾಳ ಐತಿ ಎಂದು ಚೇಷ್ಟೆ ಮಾಡಿದರು.

ಏಡಿ ಬೇಯಿಸಿ ಮುಂದಿಟ್ಟುಕೊಂಡು, ಮಗಳು ಸಾಲೆಯ ಮಕ್ಕಳಿಗೆ ಹೇಳಿದಂತೆ ಹೇಳಿಕೊಟ್ಟಳು. ಮೊದಲು ಕಾಲುಗಳನ್ನು ಬೇರೆ ಮಾಡಬೇಕು. ಇಕ್ಕಳದಂಥ ದೊಡ್ಡ ಕೊಂಡಿಯನ್ನು ದವಡೆ ಹಲ್ಲಿನಲ್ಲಿ ಮೆಲ್ಲಗೆ ಒತ್ತಬೇಕು, ಸಿಡಿಯುವಷ್ಟು ಕಚ್ಚಬಾರದು. ಬಿರುಕು ಬಿಟ್ಟಲ್ಲಿ ಬೆರಳಿನಿಂದ ಸಿಪ್ಪೆ ತೆಗೆದು ಒಳಗಿನದನ್ನು ಹೀರಬೇಕು. ಹೀರುವಾಗ ಸದ್ದಾದರೆ ನಾಚಿಕೆಯಿಲ್ಲ. ನಮ್ಮಲ್ಲಿ ಸಿಗದ ಸೀಗಡಿ, ಬೆಳಚಿನದು ಬರೀ ಬಾಯಿಪಾಠ. ಸೀಗಡಿಯ ತಲೆ ತಿರುವಿ ತೆಗೆದು, ಹೊಟ್ಟೆಯ ಕಡೆಯಿಂದ ಸಿಪ್ಪೆ ಬಿಡಿಸಬೇಕು. ಬೆಳಚಿಗೆ ಚಮಚ ಬೇಡ, ತಿಂದು ಖಾಲಿಯಾದ ಚಿಪ್ಪಿನಿಂದಲೇ ಮುಂದಿನದನ್ನು ಕೆರೆದು ತೆಗೆಯುವುದು. ಬಾಯಿ ಬಿಡದೆ ಮುಚ್ಚಿಕೊಂಡೇ ಇರುವ ಚಿಪ್ಪನ್ನು ಮಾತ್ರ ಮುಟ್ಟಬಾರದು, ಅದು ಕೆಟ್ಟದ್ದು. ಈ ಕೊನೆಯ ಮಾತು ಕೇಳಿ ನನಗೆ ಇನ್ನಷ್ಟು ಭಯವಾಯಿತು. ಊಟದಲ್ಲಿ ವಿಷವೂ ಇರಬಹುದೆಂದು ಮೊದಲೇ ಹೇಳಿ ಬಡಿಸುವ ಅಡುಗೆ ಯಾವ ಸೀಮೆಯದು?

ನನ್ನ ಕಷ್ಟ ನೋಡಿ ಮನೆಯವರು ತಾವೂ ಒಂದು ಕೊಂಡಿ ತೆಗೆದುಕೊಂಡು ಹೀರಿದರು. ಸ್ವಲ್ಪ ಹೊತ್ತಿಗೆ ಗಂಟಲು ಕೆರೆಯುತ್ತದೆ ಎಂದು ಕೆಮ್ಮತೊಡಗಿದರು. ಹಿಂದಿನ ದಿನ ಅಂಗಡಿಯಲ್ಲಿ ಹಳೆಯ ಕಡಲೆಯ ಚೀಲಗಳನ್ನು ತೂರಿ ಹಸನು ಮಾಡಿದ್ದರು. ಧೂಳಿನ ದಿನಗಳಲ್ಲಿ ಅವರಿಗೆ ಕೆಮ್ಮು, ಸೀನು ಇದ್ದದ್ದೇ. ಬೆಲ್ಲ ಬಾಯಿಗೆ ಹಾಕಿಕೊಂಡು ಮಲಗಿದರು. ಅದು ಧೂಳಿನದೆಂದು ಅವರೂ ನಂಬಿದರು, ನಾನೂ ನಂಬಿದೆ.

ಗಜೇಂದ್ರಗಡಕ್ಕೆ ಹೋದ ದಿನ ನಾನು, ಮನೆಯವರು ಬಸ್ಸು ಹಿಡಿದೆವು. ಕಿಟಕಿಯ ಹೊರಗೆ ಯಾವಗಲ್ ಬಂತು, ರೋಣ ಬಂತು, ಅಲ್ಲಿ ಮಗಳು ಹತ್ತಿಕೊಂಡಳು. ನಾನು ಮನಸ್ಸಿನಲ್ಲೇ ಕೊಂಡಿ ಒತ್ತುತ್ತ, ಸೀಗಡಿ ಸುಲಿಯುತ್ತ ಕುಳಿತಿದ್ದೆ. ಪರೀಕ್ಷೆಗೆ ಹೋಗುವವಳು ನೀನಾ ನಾನಾ ಎಂದು ಮಗಳು ಕಿವಿಯಲ್ಲಿ ಕೇಳಿದಳು. ಅವಳ ಕೈ ತಣ್ಣಗಿತ್ತು, ಅವಳಿಗೂ ಹೆದರಿಕೆಯಿತ್ತು ಎಂದು ಆಗ ಗೊತ್ತಾಯಿತು.

ಹುಡುಗನ ತಾಯಿ ತೆಳ್ಳನೆಯ ಹೆಂಗಸು, ಕಣ್ಣು ಚುರುಕು. ಐಸು ತುಂಬಿದ ಡಬ್ಬಿಯಲ್ಲಿ ಎಲ್ಲವನ್ನೂ ಊರಿನಿಂದ ತಂದು, ತೆಂಗಿನಕಾಯಿ ಅರೆದು, ಬೆಳಗಿನಿಂದ ಬೇಯಿಸಿದ್ದರು. ಮನೆಯಲ್ಲಿ ನಾಲ್ಕು ಕುರ್ಚಿಯ ಊಟದ ಮೇಜು. ನಮ್ಮ ಮನೆಯವರು ಕುರ್ಚಿಯ ಮೇಲೂ ಚಕ್ಕಳಮಕ್ಕಳ ಹಾಕಿಯೇ ಕುಳಿತರು. ಮಗಳು, ಹುಡುಗ, ನಾವಿಬ್ಬರು ಕುಳಿತೆವು. ಆಕೆ ನಿಂತು ಬಡಿಸಿದರು.

ನಮ್ಮ ಮನೆಯಲ್ಲಿ ಒಂದು ಪದ್ಧತಿಯಿದೆ. ಹಿರಿಯರು ಏಳುವವರೆಗೆ ಪಂಕ್ತಿಯಿಂದ ಯಾರೂ ಏಳುವಂತಿಲ್ಲ, ಕೊನೆಯವರ ತಾಟು ಖಾಲಿಯಾಗುವವರೆಗೆ ಹಿರಿಯರು ಏಳುವಂತಿಲ್ಲ. ಅವರ ಮನೆಯ ಪದ್ಧತಿ ಬೇರೆ: ಅತಿಥಿ ಕುಳಿತಿರುವವರೆಗೆ ಬಡಿಸುವುದನ್ನು ನಿಲ್ಲಿಸುವಂತಿಲ್ಲ. ಎರಡೂ ಒಳ್ಳೆಯ ಪದ್ಧತಿಗಳೇ. ಒಂದೇ ಮೇಜಿನ ಮೇಲೆ ಎರಡೂ ಕೂಡಿದರೆ ಏನಾಗುತ್ತದೆಂದು ನಮಗ್ಯಾರಿಗೂ ಹೊಳೆಯಲಿಲ್ಲ.

ನಾನು ತಲೆ ತಗ್ಗಿಸಿ ನನ್ನ ತಾಟಿನ ಕೆಲಸಕ್ಕೆ ನಿಂತೆ. ಕೊಂಡಿ ಸರಿಯಾಗಿ ಬಿರಿಯಿತು. ಸೀಗಡಿಯ ಸಿಪ್ಪೆ ಹರಿಯದೆ ಬಂತು. ಬೆಳಚನ್ನು ಚಿಪ್ಪಿನಿಂದಲೇ ಎತ್ತಿದೆ. ಖರೇ ಹೇಳಬೇಕೆಂದರೆ ರುಚಿಯಾಗಿತ್ತು, ನನಗೇ ಆಶ್ಚರ್ಯವಾಯಿತು. ಹುಡುಗನ ತಾಯಿ ನನ್ನ ಕೈ ನೋಡುತ್ತಿದ್ದಾರೆಂದು ಗೊತ್ತಿತ್ತು, ಹಾಗಾಗಿ ಒಂದೊಂದನ್ನೂ ಅವಸರ ಮಾಡದೆ, ಹುಟ್ಟಿದಾಗಿನಿಂದ ತಿನ್ನುತ್ತ ಬಂದವಳ ಹಾಗೆ ತಿಂದೆ. ಮನೆಯವರ ತಾಟು ಯಾವಾಗಲೋ ಖಾಲಿಯಾಗಿತ್ತು. ನನ್ನದು ಮುಗಿಯಲೆಂದು ಅವರು ಕುಳಿತರು. ಅವರು ಕುಳಿತಿದ್ದಾರೆಂದು ಆಕೆ ಮತ್ತಷ್ಟು ಸೀಗಡಿ ಹಾಕಿದರು. ಹಾಕಿದ್ದನ್ನು ಬಿಡಬಾರದೆಂದು ಅವರು ತಿಂದರು. ಒಮ್ಮೆ ಕೆಮ್ಮಿದರು. ನಾನು ತಲೆ ಎತ್ತಲಿಲ್ಲ. ಕೊನೆಯ ಬೆಳಚುಗಳು ಉಳಿದಿದ್ದವು.

ಆಗ ಹುಡುಗನ ತಾಯಿ ಸೌಟು ಕೆಳಗಿಟ್ಟು, ಮೇಜಿನ ಮೇಲೆ ಬಗ್ಗಿ, ನಮ್ಮ ಮನೆಯವರ ಕೈಕೆಳಗಿನ ತಾಟನ್ನು ಸರಕ್ಕನೆ ಎಳೆದುಕೊಂಡರು. ಸಾರು ಚೆಲ್ಲಿ ಅಂಗಿಯ ಮೇಲೆ ಬಿತ್ತು.

ಉಣ್ಣುತ್ತಿರುವವರ ಮುಂದಿನ ತಾಟು ಎಳೆಯುವುದು ನಮ್ಮ ಕಡೆ ಕಪಾಳಕ್ಕೆ ಹೊಡೆಯುವುದಕ್ಕಿಂತ ದೊಡ್ಡ ಅವಮಾನ. ಅಣ್ಣತಮ್ಮಂದಿರು ಅಂಥದ್ದಕ್ಕೆ ಮನೆ ಒಡೆದುಕೊಂಡದ್ದನ್ನು ನಾನು ಕಂಡಿದ್ದೇನೆ. ನನ್ನ ಸಿಟ್ಟು ನೆತ್ತಿಗೇರಿತು. ಎದ್ದು ನಿಂತೆ. ಇಷ್ಟು ಕಷ್ಟಪಟ್ಟು ಕಲಿತು ಬಂದದ್ದು ಈ ಮರ್ಯಾದೆಗೋ ಎಂದು ಕೇಳಲು ಬಾಯಿ ತೆರೆದೆ.

"ಸಿಟ್ಟು ಆಮೇಲೆ ಮಾಡ್ಕಳಿ," ಎಂದರು ಆಕೆ. "ಮೊದಲು ಅವ್ರ ತುಟಿ ನೋಡಿ."

ನೋಡಿದೆ. ಆ ಮುಖ ನನಗೆ ಗುರುತು ಸಿಗಲಿಲ್ಲ. ತುಟಿ ಊದಿ ಹೊರಳಿದ್ದವು, ಕಣ್ಣಿನ ರೆಪ್ಪೆಗಳು ದಪ್ಪವಾಗಿದ್ದವು, ಕುತ್ತಿಗೆಯ ತುಂಬ ಕೆಂಪು ದದ್ದು. ಉಸಿರು ಎಳೆದುಕೊಳ್ಳುವಾಗ ಸುಂಯ್ ಎಂಬ ಸದ್ದು. ಅಂಥ ಹೊತ್ತಿನಲ್ಲೂ ಅವರು ಕೈಸನ್ನೆ ಮಾಡಿ ನನಗೆ ಕೂತು ಉಣ್ಣು ಎಂದರು. ಹುಡುಗ ಅವರನ್ನು ಎತ್ತಿಕೊಂಡೇ ಹೊರಗೆ ಓಡಿದ. ಎದುರು ಮನೆಯವರ ಕಾರಿನಲ್ಲಿ ದವಾಖಾನಿ ತಲುಪಿದೆವು.

ಒಳಗೆ ತೊಡೆಗೆ ಸೂಜಿ ಚುಚ್ಚಿ, ಮೂಗಿಗೆ ಗಾಳಿಯ ನಳಿಕೆ ಇಟ್ಟು ಬಾಗಿಲು ಹಾಕಿಕೊಂಡರು. ಹೊರಗಿನ ಬೆಂಚಿನ ಮೇಲೆ ನಾವು ಕುಳಿತೆವು. ನನ್ನ ಬೆರಳುಗಳಿಂದ ಸೀಗಡಿಯ ವಾಸನೆ ಬರುತ್ತಿತ್ತು, ತೊಳೆದುಕೊಳ್ಳಲು ಎದ್ದು ಹೋಗುವ ಧೈರ್ಯವಾಗಲಿಲ್ಲ. ನಾನು ಎದ್ದು ಹೋದಾಗಲೇ ಬಾಗಿಲು ತೆರೆದರೆ? ಆ ಬಾಗಿಲಿನ ಹಿಂದೆ ಒಂದು ಸದ್ದಾದರೂ ಎದೆ ಬಾಯಿಗೆ ಬರುತ್ತಿತ್ತು, ಸದ್ದಾಗದಿದ್ದರೆ ಇನ್ನೂ ಹೆದರಿಕೆ. ಮದುವೆಯೂ ಬೇಡ, ಬೀಗರೂ ಬೇಡ, ಈ ಮನುಷ್ಯ ಒಮ್ಮೆ ಕೆಮ್ಮಲಿ ಸಾಕು ಎಂದು ಬೇಡಿಕೊಂಡೆ.

ಹುಡುಗನ ತಾಯಿ ಪಕ್ಕದಲ್ಲಿ ಸೆರಗು ಹಿಂಡುತ್ತ ಕುಳಿತಿದ್ದರು. ಚಿಕ್ಕವರಿದ್ದಾಗ ಅವರ ತಮ್ಮನಿಗೆ ಏಡಿ ತಿಂದು ಹೀಗೇ ಆಗಿತ್ತಂತೆ. ಮನೆಯ ಹಿರಿಯರು ಉಣ್ಣುತ್ತಿದ್ದರೆಂದು ಯಾರೂ ಎದ್ದು ಕೂಗಲಿಲ್ಲವಂತೆ. ತಮ್ಮ ಉಳಿಯಲಿಲ್ಲ. ಅಂದಿನಿಂದ ಬಡಿಸುವಾಗ ಎಲ್ಲರ ತುಟಿ ನೋಡುವುದೇ ಅವರಿಗೆ ರೂಢಿಯಾಗಿತ್ತು. ನನ್ನ ಕೈ ನೋಡುತ್ತಿದ್ದಾರೆಂದು ನಾನು ತಿಳಿದಿದ್ದೆ, ಅವರು ನೋಡುತ್ತಿದ್ದದ್ದು ನನ್ನ ಬಾಯಿಯನ್ನು. ಇಷ್ಟು ಹೇಳಿ, ಇನ್ನು ನೀವು ಮಗಳನ್ನು ನಮ್ಮ ಮನೆಗೆ ಹೇಗೆ ಕೊಡುತ್ತೀರಿ ಎಂದು ಅತ್ತರು. ನಾನು ವಾಸನೆಯ ಕೈಯಿಂದಲೇ ಅವರ ಕೈ ಹಿಡಿದುಕೊಂಡೆ.

ಸಂಜೆಗೆ ಒಳಗೆ ಬಿಟ್ಟರು. ಮುಖದ ಬಾವು ಇಳಿಯತೊಡಗಿತ್ತು. ನನ್ನನ್ನು ಕಂಡು ಅವರು ನಳಿಕೆ ಸರಿಸಿ ಕೇಳಿದ ಮೊದಲ ಮಾತು, "ನಿಂದು ಊಟ ಆತೇನ?"

ನನಗೆ ಅಳು ತಡೆಯಲಾಗಲಿಲ್ಲ. ನಾನು ಮರ್ಯಾದೆಯಿಂದ ಉಂಡು ಮುಗಿಸಲೆಂದು ಈ ಮನುಷ್ಯ ಉಸಿರು ಬಿಗಿಹಿಡಿದು ಕುಳಿತಿದ್ದ. ಹಳೆಯ ಕಾಳಿನ ಧೂಳಿನಲ್ಲಿ ಕಣ್ಣಿಗೆ ಕಾಣದ ಹುಳುಗಳಿರುತ್ತವಂತೆ. ಅವು ಒಗ್ಗದವರಲ್ಲಿ ಕೆಲವರಿಗೆ ಸೀಗಡಿ, ಏಡಿಯೂ ಒಗ್ಗುವುದಿಲ್ಲವೆಂದು ಡಾಕ್ಟರು ತಿಳಿಸಿ ಹೇಳಿದರು. ಇದು ಮಕ್ಕಳಿಗೂ ಬರಬಹುದೇ ಎಂದು ಕೇಳಿದೆ. ಬರಲೇಬೇಕೆಂದಿಲ್ಲ, ಬರುವುದೇ ಇಲ್ಲವೆಂದು ಹೇಳಲೂ ಆಗದು ಎಂದರು. ಆ ಮಾತು ನನ್ನೊಳಗೆ ಇವತ್ತಿಗೂ ಕುಳಿತಿದೆ.

ಮದುವೆ ಆಯಿತು. ಮನೆಯವರು ಈಗ ಸೀಗಡಿ ಬೇಯುವ ಮನೆಯ ಹೊಸ್ತಿಲನ್ನೂ ತುಳಿಯುವುದಿಲ್ಲ. ನಾನು ತಿನ್ನುತ್ತೇನೆ, ಚಲೋ ತಿನ್ನುತ್ತೇನೆ. ಯಾರಾದರೂ ಮೇಜಿನ ಮೇಲೆ ಏಡಿ ತಿನ್ನುವುದು ಹ್ಯಾಂಗ್ರಿ ಎಂದು ಕೇಳಿದರೆ, ಕೊಂಡಿ ಒತ್ತುವುದನ್ನು ಆಮೇಲೆ ಹೇಳುತ್ತೇನೆ. ಮೊದಲು ತಲೆ ಎತ್ತಿ ಕೂರು, ಜೊತೆಗೆ ಕೂತವರ ಮುಖ ನೋಡು ಎನ್ನುತ್ತೇನೆ.

ಹೋದ ತಿಂಗಳು ಬೀಗಿತ್ತಿ ಗಜೇಂದ್ರಗಡಕ್ಕೆ ಬಂದವರೇ ಫೋನ್ ಮಾಡಿದರು. ಮೊಮ್ಮಗ ಎಲ್ಲರ ತಾಟಿಗೂ ಕೈ ಹಾಕುವಷ್ಟು ದೊಡ್ಡವನಾಗಿದ್ದಾನೆ, ಸೀಗಡಿ ಬೇಕೆಂದು ಹಟ ಮಾಡುತ್ತಾನೆ, ಡಾಕ್ಟರನ್ನು ಕೇಳಿಯಾಗಿದೆ, ಆದರೂ ನೀವಿಲ್ಲದೆ ನಾನು ಅವನ ಬಾಯಿಗಿಡಲಾರೆ ಎಂದರು. ಹೋದೆ. ಅದೇ ಮೇಜು. ಅಳಿಯ ಚಪ್ಪಲಿ ಮೆಟ್ಟಿಕೊಂಡು, ಕಾರಿನ ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಮಗಳು ಒಳಗಿನ ಕೋಣೆಗೆ ಹೋಗಿಬಿಟ್ಟಳು, ನೋಡಲಾರೆ ಎಂದಳು. ಬೀಗಿತ್ತಿ ಒಂದು ಸೀಗಡಿ ಸುಲಿದು, ಉಗುರಿನಷ್ಟು ಚೂರು ಮಾಡಿ ನನ್ನ ಕೈಗೆ ಕೊಟ್ಟರು. ನಾನೇ ಬಾಯಿಗಿಟ್ಟೆ. ಅವನು ಅಗಿದ, ನುಂಗಿದ. ನಾವಿಬ್ಬರೂ ಮುದುಕಿಯರು ಆ ಪುಟ್ಟ ತುಟಿಗಳನ್ನೇ ನೋಡುತ್ತ ಕುಳಿತೆವು. ಬೇಸರ ಬಂದು ಅವನು ಮೇಜು ಬಡಿದ. ತುಟಿ ಹಾಗೆಯೇ ಇದ್ದವು. ಇನ್ನೂ ಕಾಯ್ದೆವು. ಹಾಗೆಯೇ ಇದ್ದವು.

ಇನ್ನೊಂದು ಬೇಕೆಂದು ಅವನು ಕೈ ಚಾಚಿದ. ಆಗ ಕೆಳಗೆ ನೋಡಿದೆ. ಅವನ ತಾಟಿನ ಒಂದು ಅಂಚನ್ನು ನಾನು, ಇನ್ನೊಂದು ಅಂಚನ್ನು ಬೀಗಿತ್ತಿ, ಮೊದಲಿನಿಂದಲೂ ಬಿಗಿಯಾಗಿ ಹಿಡಿದುಕೊಂಡೇ ಇದ್ದೆವು.