ಗುಣವಾಗದವರ ಮನೆಯ ದಾರಿ

ನನ್ನ ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ಸದಾ ಹಸಿರು. ಎಷ್ಟು ಸೋಪು ಹಾಕಿ ತಿಕ್ಕಿದರೂ ಅಂಚಿನ ಬಣ್ಣ ಹೋಗುತ್ತಿರಲಿಲ್ಲ. ಮದ್ದಿನ ಎಲೆಗೆ ಕಬ್ಬಿಣ ತಾಗಬಾರದೆಂದು ಅವರು ಕತ್ತಿ ಮುಟ್ಟದೆ ಆ ಉಗುರಿನಿಂದಲೇ ಚಿವುಟುತ್ತಿದ್ದರು. ಮಂಗಳೂರಿನ ಕಾನ್ವೆಂಟಿನಲ್ಲಿ ದಿನಾ ಸಿಸ್ಟರಿಗೆ ಉಗುರು ತೋರಿಸಿ ಬೆಳೆದ ನಾನು, ಪೆರಾಬೆಗೆ ಸೊಸೆಯಾಗಿ ಬಂದ ದಿನ ಮೊದಲು ನೋಡಿದ್ದೇ ಅದನ್ನು. ಹೌ ಅನ್‌ಹೈಜೀನಿಕ್, ಎಂದುಕೊಂಡಿದ್ದೆ.

ಅತ್ತೆ ಒಣಗದ ಗಾಯಗಳಿಗೆ ಲೇಪ ಕೊಡುವವರು. ಸುಳ್ಯ, ಕಡಬದ ಕಡೆಯಿಂದೆಲ್ಲ ಜನ ಬರುತ್ತಿದ್ದರು. ಗಾಯದ ಸುತ್ತ ಕಪ್ಪಾಗಿದ್ದರೆ, ಮೈ ಬಿಸಿ ಇದ್ದರೆ ಲೇಪದ ಮಾತೇ ಇಲ್ಲ. "ಪುತ್ತೂರಿನ ಬಸ್ಸು ಹತ್ತಿ ಮಾರಾಯ್ರೆ. ಇದು ನನ್ನಿಂದ ಆಗುದಲ್ಲ, ಡಾಕ್ಟ್ರ ಕೆಲಸ."

ನಾನು ಕಾಲೇಜಿನಲ್ಲಿ ಬಾಟನಿ ಕಲಿಸುತ್ತಿದ್ದೆ. "ಎವಿಡೆನ್ಸ್ ಇಲ್ಲದೆ ಹೇಗೆ ನಂಬುದು ಅತ್ತೆ?" ಎಂದು ಕೆಣಕುವುದು ನನ್ನ ಅಭ್ಯಾಸ. ಅವರಿಗೆ ಎಪ್ಪತ್ತಾಗಿದ್ದಾಗ ಒಂದು ಸಂಜೆ ತಿರುಗಿ ನಿಂತರು.

"ಕೊಂಡೋಗಿ ಪರೀಕ್ಷೆ ಮಾಡ್ಸು. ಸುಳ್ಳು ಅಂತ ಆದ್ರೆ ನಾಳೆಯಿಂದ ಕೊಡುದು ಬಿಟ್ಟೆ."

ಗಿಡದ ಹೆಸರು ಹೇಳಿದರೆ ಮದ್ದು ಸಾಯುತ್ತದೆ ಎಂಬ ನಂಬಿಕೆಯ ಮನೆ ಅದು. ಆದರೂ ನನ್ನ ಕೈ ಹಿಡಿದು ಹಿತ್ತಿಲಿಗೆ ಕರೆದೊಯ್ದು ಗಿಡ ತೋರಿಸಿದರು. ಪೊದೆಯಾಗಿ ಬೆಳೆದಿತ್ತು. ಮರುದಿನ ಅವರು ಏಳುವ ಮೊದಲೇ ನಾನು ಅದರ ಎಲೆ ಕಿತ್ತು, ಸುಳ್ಯದ ಲ್ಯಾಬಿನಲ್ಲಿದ್ದ ಗೆಳತಿಗೆ ಕೊಟ್ಟೆ. ರಿಸಲ್ಟ್ ಬಂತು: ಕೀವಿನ ಬ್ಯಾಕ್ಟೀರಿಯಾಕ್ಕೆ ಅದರಿಂದ ಏನೂ ಆಗಲಿಲ್ಲ.

ಹೇಳಿದೆ. ಅತ್ತೆ ಮದ್ದು ಅರೆಯುವ ಕಲ್ಲನ್ನು ತೊಳೆದು ಕವುಚಿ ಹಾಕಿದರು. ಗೆದ್ದದ್ದು ನಾನೇ, ಆದರೂ ಆ ದಿನ ಊಟ ಸೇರಲಿಲ್ಲ. ಮರುದಿನ ಎದುರು ಮನೆಯ ಹೆಂಗಸು ಕಾಲಿನ ಗಾಯ ತೋರಿಸಲು ಬಂದಾಗ ಅತ್ತೆ ಅವಳನ್ನು ಬರಿಗೈಯಲ್ಲಿ ಕಳಿಸಿದರು. ಆಮೇಲೆ ಏನೋ ಹೊಳೆದವರ ಹಾಗೆ ಕೇಳಿದರು: "ಎಲೆ ಎಲ್ಲಿದ್ದು ಕೊಯ್ದದ್ದು ನೀನು?"

"ಹಿತ್ತಿಲಿದ್ದೇ. ನೀವೇ ತೋರಿಸಿದ್ದಲ್ವಾ?"

"ಅಯ್ಯೋ ಮಾರಾಯ್ತಿ! ಗುರುತು ಸಿಗ್ಲಿ ಅಂತ ತೋರ್ಸಿದ್ದು. ಬೆಟ್ಟ ಹತ್ತುದು ತಪ್ತದಾ ಅಂತ ನಾನು ಅದನ್ನು ಇಲ್ಲಿ ನೆಟ್ಟು ನೋಡಿದ್ದು. ಇಬ್ಬರಿಗೆ ಹಚ್ಚಿ ನೋಡಿದೆ, ಎಂತ ಸಹ ಆಗ್ಲಿಲ್ಲ. ನಿನ್ನ ಹಾಗೆಯೇ ಅದು, ಮನೆಗೆ ಬಂದು ಚಂದ ಆದದ್ದು ಮಾತ್ರ. ಮೇಲೆ ಗಾಳಿಯ ಪೆಟ್ಟು ತಿಂದ ಎಲೆಗೇ ಆ ಕಹಿ ಬರುದು."

ಕೊಡಗಿನ ಗಡಿಯಲ್ಲಿ ಅವರ ತಮ್ಮನ ಏಲಕ್ಕಿ ತೋಟ, ಅದರ ಮೇಲೆ ಹುಲ್ಲುಬೆಟ್ಟ. ಆ ಎಲೆ ತರಲು ಹತ್ತಿದೆವು, ಅತ್ತೆ ಮುಂದೆ, ಏದುಸಿರು ಬಿಡುತ್ತಾ ನಾನು ಹಿಂದೆ. ತುದಿಯಲ್ಲಿ ನಿಲ್ಲಲಾಗದ ಗಾಳಿ. ಬಂಡೆಯ ಸಂದಿನಲ್ಲಿ ಗೇಣುದ್ದಕ್ಕೂ ಏಳದ ಅದೇ ಗಿಡ. ಮೊದಲು ಕಂಡದ್ದನ್ನು ಅವರು ಮುಟ್ಟಲಿಲ್ಲ. "ಅದು ಬೀಜಕ್ಕೆ," ಎಂದು ಮುಂದಿನದಕ್ಕೆ ಬಗ್ಗಿದರು.

ಗೆಳತಿ ಈ ಸಲ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಳು. ಹಿತ್ತಿಲಿನ ಎಲೆಯ ಸುತ್ತ ಏನಿಲ್ಲ. ಬೆಟ್ಟದ ಎಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ತಿಳಿಯಾದ ಉಂಗುರ. "ನಿನ್ನ ಅತ್ತೆ ಕಂಟ್ರೋಲ್ ಸಮೇತ ಎಕ್ಸ್‌ಪೆರಿಮೆಂಟ್ ಮಾಡಿ ಮುಗಿಸಿದ್ದಾರೆ ಕಣೇ," ಎಂದಳು. ಆದರೆ ಗಾಜಿನ ತಟ್ಟೆಯಲ್ಲಿ ಆದದ್ದು ಮನುಷ್ಯರ ಗಾಯದಲ್ಲಿ ಆಗಬೇಕೆಂದಿಲ್ಲ, ಎಂಬುದನ್ನೂ ಸೇರಿಸಿದಳು. ಅತ್ತೆಗೆ ಎರಡನ್ನೂ ಹೇಳಿದೆ.

"ಅಂದ್ರೆ ಸುಳ್ಳು ಅಂತ ಆಗ್ಲಿಲ್ಲ. ಸತ್ಯ ಅಂತ ಸಹ ಇನ್ನೂ ಆಗ್ಲಿಲ್ಲ. ಅಷ್ಟೇ ಅಲ್ವಾ?" ಎನ್ನುತ್ತಾ ಅವರು ಕಲ್ಲನ್ನು ನೆಟ್ಟಗೆ ತಿರುಗಿಸಿದರು. ನನ್ನ ಎಷ್ಟೋ ಬ್ಯಾಚಿನ ಸ್ಟೂಡೆಂಟ್ಸ್‌ಗೆ ಈ ಮಾತು ಕಲಿಸಲು ನನ್ನಿಂದ ಆಗಿರಲಿಲ್ಲ.

ಎದುರು ಮನೆಯ ಹೆಂಗಸಿಗೆ ಲೇಪ ಹಚ್ಚಿದ ಮೂರನೆಯ ದಿನ ಅತ್ತೆ ಕೊಡೆ ಹಿಡಿದು ಹೊರಟರು. "ಗುಣ ಆದವರು ಅವರಾಗೇ ಬಂದು ಹೇಳ್ತಾರೆ. ಆಗದವರು ನಾಚಿಕೆಯಲ್ಲಿ ಮನೆಯಲ್ಲೇ ಕೂತಿರ್ತಾರೆ. ಅವರ ಮನೆಗೆ ನಾವು ಹೋಗ್ಬೇಕು." ನಲವತ್ತು ವರ್ಷ ಅವರು ಹಾಗೆ ನಡೆದಿದ್ದರಂತೆ. ನಾನು ಅದನ್ನು ಬರೀ ತಿರುಗಾಟ ಎಂದುಕೊಂಡಿದ್ದೆ.

ತೊಂಬತ್ತು ದಾಟಿದ ಮೇಲೆ ಅತ್ತೆ ತೀರಿಹೋದರು. ಕೊನೆಯ ವಾರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಲೇಪ ಹಿಡಿಯದ ಒಬ್ಬೊಬ್ಬರ ಮನೆ, ಗಾಯ, ಯಾಕಿರಬಹುದು ಎಂಬುದನ್ನು ಬರೆಸಿದರು. ಗುಣವಾದವರಲ್ಲಿ ಒಬ್ಬರ ಹೆಸರನ್ನೂ ಹೇಳಲಿಲ್ಲ.

ಈಗ ಕಲ್ಲು ನನ್ನದು. ಲೇಪ ಹಚ್ಚಿಸಿಕೊಂಡವರು ಮೂರನೆಯ ದಿನ ಬಾರದಿದ್ದರೆ ಮೊಣಕಾಲು ನೀವಿಕೊಂಡು ಹೊರಡುತ್ತೇನೆ.

"ಎಂತ ಟೀಚರ್, ಈ ಬಿಸಿಲಿಗೆ ಈ ಕಡೆ?" ಎನ್ನುತ್ತಾರೆ.

"ಕಡಿಮೆ ಆಗ್ಲಿಲ್ವಾ ಅಂತ ಕೇಳಿ ಹೋಗುವ ಅಂತ ಬಂದೆ," ಎನ್ನುತ್ತೇನೆ.